ಆಮೆಯ ಮೂತಿ ಯಾವ ದಿಕ್ಕಿಗೆ?

ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರು ದೂರದಲ್ಲಿ, ಮರುಭೂಮಿಯ ಸಮತಟ್ಟು ನೆಲದಿಂದ ಕೋಟೆಯ ಗೋಡೆಯಂತೆ ಎದ್ದು ನಿಂತ ಒಂದು ಬೆಟ್ಟಸಾಲು ಇದೆ. ಅದರ ಹೆಸರು ಸೂಪರ್‌ಸ್ಟಿಷನ್ ಮೌಂಟನ್ಸ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೂಢನಂಬಿಕೆಯ ಬೆಟ್ಟಗಳು. ಮಗಳ ಮನೆಗೆಂದು ಆ ಊರಿಗೆ ಹೋಗಿದ್ದ ನಾನು ಒಂದು ಚಳಿಗಾಲದ ಬೆಳಗ್ಗೆ ಆ ಬೆಟ್ಟದ ಬುಡದಲ್ಲಿ ನಿಂತಿದ್ದೆ. ನನ್ನ ಪಕ್ಕದಲ್ಲಿ, ನನಗಿಂತ ಐದಾರು ವರ್ಷ ಹಿರಿಯರಾಗಿ ಕಾಣುತ್ತಿದ್ದ ಒಬ್ಬರು ದುರ್ಬೀನನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತಿನಿಂದ ಒಂದೇ ಕಡೆ ನೋಡುತ್ತಿದ್ದರು. ಹಕ್ಕಿ ನೋಡುವವರಿರಬೇಕು ಎಂದುಕೊಂಡೆ. ಅವರು ದುರ್ಬೀನನ್ನು ನನ್ನ ಕೈಗಿತ್ತು, "ಆ ಎರಡು ಕಳ್ಳಿಗಿಡಗಳ ನಡುವೆ ನೋಡಿ, ಆಮೆ ಕಾಣಿಸುತ್ತದೆಯೆ?" ಎಂದರು.

ಕಾಣಿಸಿತು. ಗುಮ್ಮಟದಂಥ ಒಂದು ಬಂಡೆ, ಅದರ ಅಂಚಿನಿಂದ ಮುಂಚಾಚಿದ ಒಂದು ಸಣ್ಣ ಗುಂಡು. ಚಿಪ್ಪು, ತಲೆ, ಕತ್ತಿನ ಸುಕ್ಕು ಎಲ್ಲವೂ ಇದ್ದವು.

"ಸ್ಪ್ಯಾನಿಷರು ಇಟ್ಟದ್ದು" ಎಂದರು ಅವರು. "ಆಮೆಯ ಮೂತಿ ಯಾವ ದಿಕ್ಕಿಗಿದೆಯೋ ಆ ದಿಕ್ಕಿನಲ್ಲಿ ದಾರಿ."

ಆ ಬಳಿಕ ಅರ್ಧ ಗಂಟೆ ನಾನು ಕೇಳಿದ್ದು ಒಂದು ಲಿಪಿಶಾಸ್ತ್ರದ ಪಾಠ. ಅಮೆರಿಕದ ನೈರುತ್ಯ ಭಾಗದಲ್ಲೆಲ್ಲ ಈ ಶಾಸ್ತ್ರಕ್ಕೆ ಭಕ್ತರಿದ್ದಾರೆ. ಹೃದಯದ ಆಕಾರದ ಕಲ್ಲು ಕಂಡರೆ ಚಿನ್ನ ಹತ್ತಿರದಲ್ಲಿದೆ ಎಂದು ಅರ್ಥ. ಗೂಬೆಯ ಮುಖ, ಹೇಸರಗತ್ತೆಯ ತಲೆ, ಟೋಪಿ ತೊಟ್ಟ ಪಾದ್ರಿಯ ಪಾರ್ಶ್ವನೋಟ, ಶಿಲುಬೆಯಂತೆ ಒಂದನ್ನೊಂದು ಕತ್ತರಿಸಿದ ಬಿರುಕು, ಒಂದರ ಮೇಲೊಂದು ನಿಂತ ಮೂರು ಗುಂಡು, ಇವೆಲ್ಲಕ್ಕೂ ಅರ್ಥವುಂಟು. ಕೆಲವು ಗುರುತುಗಳು ಕಲ್ಲಿನಲ್ಲಿಲ್ಲ, ಇಂಥ ತಿಂಗಳಿನ ಇಂಥ ಹೊತ್ತಿನಲ್ಲಿ ಕಲ್ಲು ಚೆಲ್ಲುವ ನೆರಳಿನಲ್ಲಿವೆ. ದೂರವನ್ನು ಸ್ಪ್ಯಾನಿಷ್ ವಾರಾದಲ್ಲಿ ಅಳೆಯಬೇಕು. ಒಂದು ವಾರಾ ಎಂದರೆ ಸುಮಾರು 33 ಅಂಗುಲ. ಕೆಲವು ಗುರುತುಗಳು ಬೇಕೆಂದೇ ದಾರಿ ತಪ್ಪಿಸುವಂಥವು, ಕೆಲವು ಸಾವಿನ ಬೋನಿಗೆ ಒಯ್ಯುವಂಥವು. ಹಾಗಾಗಿ ಗುರುತು ಹೇಳಿದಲ್ಲಿ ಏನೂ ಸಿಕ್ಕದಿದ್ದರೆ ಶಾಸ್ತ್ರಕ್ಕೆ ಕುಂದಿಲ್ಲ. ಓದಿದವನು ಹುಸಿಗುರುತನ್ನು ನಿಜವೆಂದುಕೊಂಡ, ಅಷ್ಟೆ. ಎಂದೂ ಸೋಲದ ಶಾಸ್ತ್ರ! ಆ ಹಿರಿಯರ ಕೈಯಲ್ಲೊಂದು ದಪ್ಪ ನೋಟುಪುಸ್ತಕವಿತ್ತು. 22 ವರ್ಷಗಳಿಂದ ಅದರಲ್ಲಿ ಕಲ್ಲುಗಳನ್ನು ಬರೆದಿಟ್ಟಿದ್ದರು.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನು. ಅದರಲ್ಲಿ ಕೆಲವು ವರ್ಷ ಶಾಸನ ಪಠ್ಯಗಳನ್ನೂ ಹೇಳಿದವನು. ಕಲ್ಲನ್ನು ಓದುತ್ತೇನೆ ಎನ್ನುವವರನ್ನು ಕಂಡರೆ ನನಗೆ ಸಹಜವಾಗಿಯೇ ಒಂದು ದಾಯಾದಿ ಕುತೂಹಲ. ಆದುದರಿಂದ ಮನೆಗೆ ಮರಳಿದ ಮೇಲೆ ಈ ಸ್ಪ್ಯಾನಿಷರ ಬೆನ್ನು ಹತ್ತಿದೆ.

ಸ್ಪ್ಯಾನಿಷರು ಆ ಸೀಮೆಗೆ ಬಂದದ್ದೇ ಚಿನ್ನದ ಮಾತು ಕೇಳಿ ಎಂಬುದು ನಿಜ. 1539ರಲ್ಲಿ ಮಾರ್ಕೋಸ್ ದೆ ನೀಸಾ ಎಂಬ ಸಂನ್ಯಾಸಿ ಉತ್ತರಕ್ಕೆ ಹೋಗಿ ಬಂದು, ಸೀಬೋಲಾ ಎಂಬ ಪಟ್ಟಣವನ್ನು ದೂರದಿಂದ ಕಂಡೆನೆಂದೂ ಅದು ಮೆಕ್ಸಿಕೋ ನಗರಕ್ಕಿಂತ ದೊಡ್ಡದೆಂದೂ ವರದಿ ಮಾಡಿದ. ಮರುವರ್ಷ ಫ್ರಾನ್ಸಿಸ್ಕೋ ವಾಸ್ಕೆಸ್ ದೆ ಕೊರೊನಾದೊ ಎಂಬಾತ ಮುನ್ನೂರಕ್ಕೂ ಹೆಚ್ಚು ಸ್ಪ್ಯಾನಿಷ್ ಯೋಧರು, ಸಾವಿರಕ್ಕೆ ಮೀರಿದ ಮೆಕ್ಸಿಕೋ ನಾಡಿನ ಮೂಲನಿವಾಸಿಗಳು, ಕುದುರೆ, ಕುರಿ, ದನಗಳೊಡನೆ ಹೊರಟ. 1540ರ ಜುಲೈಯಲ್ಲಿ ಅವನಿಗೆ ಎದುರಾದ ಸೀಬೋಲಾ ಎಂದರೆ ಜೂನೀ ಜನರ ಹಾವಿಕೂ ಎಂಬ ಕಲ್ಲುಮಣ್ಣಿನ ಹಳ್ಳಿ. ಅಲ್ಲಿ ಜೋಳವಿತ್ತು, ಚಿನ್ನವಿರಲಿಲ್ಲ. ಇನ್ನೂ ಮುಂದೆ ಕಿವೀರಾ ಎಂಬ ಚಿನ್ನದ ನಾಡಿದೆ ಎಂದು ಒಬ್ಬ ಸೆರೆಯಾಳು ಹೇಳಿದ. ಅವನಿಗೆ ಸ್ಪ್ಯಾನಿಷರು ಇಟ್ಟ ಅಡ್ಡಹೆಸರು 'ತುರ್ಕ'. 1541ರಲ್ಲಿ ಇಂದಿನ ಕಾನ್ಸಸ್‌ವರೆಗೆ ಹೋದ ಸೇನೆಗೆ ಕಂಡದ್ದು ಹುಲ್ಲಿನ ಗುಡಿಸಲುಗಳು. ತುರ್ಕನ ಕತ್ತು ಹಿಚುಕಿ ಕೊಂದರು. 1542ರಲ್ಲಿ ಬರಿಗೈಯಲ್ಲಿ ಹಿಂದಿರುಗಿದರು.

ಇಷ್ಟು ದೊಡ್ಡ ನಿರಾಶೆಯ ಕಥೆ ನಮಗೆ ಇಷ್ಟು ವಿವರವಾಗಿ ಹೇಗೆ ಗೊತ್ತು? ಅವರು ಬರೆದಿಟ್ಟರು. ಪ್ರಶ್ನೆಯ ತಿರುಳು ಇಲ್ಲೇ ಇದೆ ಎಂದು ನನಗೆ ತೋರುತ್ತದೆ. ಸ್ಪೇನಿನ ಸಾಮ್ರಾಜ್ಯ ಕತ್ತಿಯಿಂದ ಕಟ್ಟಿದ್ದು ಹೌದು, ಆದರೆ ನಡೆದದ್ದು ಕಾಗದದ ಮೇಲೆ. ಯಾರು ಯಾವ ಗಣಿ ತೆರೆದರೂ ದೊರೆಯ ಪಾಲು ಸಲ್ಲಬೇಕು. ಮೊದಲು ಐದನೆಯ ಒಂದು ಭಾಗ, ಮುಂದೆ ಹತ್ತನೆಯ ಒಂದು ಭಾಗ. ಬೆಳ್ಳಿಯ ಅದಿರನ್ನು ಶುದ್ಧಿ ಮಾಡಲು ಪಾದರಸ ಬೇಕು. ಪಾದರಸದ ಮಾರಾಟ ದೊರೆಯ ಏಕಸ್ವಾಮ್ಯ. ಎಷ್ಟು ಪಾದರಸ ಕೊಂಡೆ ಎಂಬುದರಿಂದಲೇ ಎಷ್ಟು ಬೆಳ್ಳಿ ತೆಗೆದೆ ಎಂದು ಅಧಿಕಾರಿ ಲೆಕ್ಕ ಹಾಕುತ್ತಿದ್ದ. ಗುಮಾಸ್ತನ ಕಣ್ಣು ತಪ್ಪಿಸಿ ಕದ್ದು ಸಾಗಿಸಿದವರು ಇರಲಿಲ್ಲವೆಂದಲ್ಲ, ಇದ್ದರು. ಆದರೆ ಕದ್ದು ಸಾಗಿಸುವವನು ದಾರಿಯುದ್ದಕ್ಕೂ ಬಂಡೆಗಳನ್ನು ಆಮೆಯಾಗಿ ಕಡೆಯುತ್ತ ಹೋಗುತ್ತಾನೆಯೆ?

ಒಂದು ನಿಜವಾದ ಪ್ರಸಂಗ ಹೇಳುತ್ತೇನೆ. 1736ರ ಶರತ್ಕಾಲದಲ್ಲಿ, ಇಂದಿನ ಅರಿಜೋನಾದ ಗಡಿಗೆ ತಾಗಿದಂತೆ ಮೆಕ್ಸಿಕೋದ ಸೊನೋರಾ ಸೀಮೆಯಲ್ಲಿ ಒಬ್ಬ ಯಾಕೀ ಬುಡಕಟ್ಟಿನವನಿಗೆ ನೆಲದಲ್ಲಿ ಬೆಳ್ಳಿಯ ಗಟ್ಟಿಗಳು ಸಿಕ್ಕವು. ಸುದ್ದಿ ಹಬ್ಬಿ ಜನ ಮುತ್ತಿದರು. ಆ ಸೀಮೆಯ ನ್ಯಾಯಾಧಿಕಾರಿಯೂ ಆಗಿದ್ದ ದಂಡನಾಯಕ ಹ್ವಾನ್ ಬೌತಿಸ್ತಾ ದೆ ಆನ್ಸಾ ಸ್ಥಳಕ್ಕೆ ಧಾವಿಸಿ, ಸಿಕ್ಕ ಬೆಳ್ಳಿಯನ್ನೆಲ್ಲ ಮುಟ್ಟುಗೋಲು ಹಾಕಿ, ಒಂದು ಪ್ರಶ್ನೆ ಎತ್ತಿದ: ಇದು ಭೂಮಿಯಲ್ಲಿ ತಾನಾಗಿ ಹುಟ್ಟಿದ ಬೆಳ್ಳಿಯೋ, ಹಿಂದಿನವರು ಹೂತಿಟ್ಟ ನಿಧಿಯೋ? ಹುಟ್ಟಿದ್ದಾದರೆ ದೊರೆಗೆ ಐದನೆಯ ಒಂದು ಪಾಲು. ನಿಧಿಯಾದರೆ ಅವನ ಹಕ್ಕು ಅದಕ್ಕಿಂತ ಬಹಳ ಹೆಚ್ಚು. ಸಾಕ್ಷಿಗಳ ಹೇಳಿಕೆಗಳಾದವು, ತಜ್ಞರ ಅಭಿಪ್ರಾಯಗಳಾದವು, ವ್ಯಾಜ್ಯ ಮೆಕ್ಸಿಕೋ ನಗರದವರೆಗೆ ಹೋಯಿತು. ಆನ್ಸಾ ಕುಳಿತು ಆ ಕಾಗದಗಳನ್ನು ಬರೆಯಿಸಿದ್ದು ಅರಿಜೋನಾ ಎಂಬ ಒಂದು ದನದ ಹಟ್ಟಿಯಲ್ಲಿ. ಕಾಗದಗಳ ತಲೆಬರಹದಲ್ಲಿದ್ದ ಆ ಹಟ್ಟಿಯ ಹೆಸರು ಬೆಳ್ಳಿಯ ಸುದ್ದಿಯೊಡನೆ ಊರೂರು ಸುತ್ತಿ, ಕಡೆಗೆ ಒಂದು ರಾಜ್ಯದ ಹೆಸರಾಯಿತು. ಒಂದು ಗುಂಡಿಯಲ್ಲಿ ಬೆಳ್ಳಿ ಸಿಕ್ಕರೆ ಇಷ್ಟು ಕಾಗದ! ಸೆವಿಲ್ ನಗರದಲ್ಲಿ 1785ರಲ್ಲಿ ಸ್ಥಾಪಿತವಾದ ಇಂಡೀಸ್ ಪತ್ರಾಗಾರದಲ್ಲಿ ಸುಮಾರು 43,000 ಕಟ್ಟುಗಳಿವೆ. ಪುಟಗಳು 8 ಕೋಟಿಯಷ್ಟೆಂದು ಅಂದಾಜು. ಸ್ಪ್ಯಾನಿಷರ ಗುಟ್ಟು ತಿಳಿಯಬೇಕೆಂಬ ಹಟವುಳ್ಳವನಿಗೆ ಒಂದು ಜನ್ಮ ಸಾಲದಷ್ಟು ಓದು ಅಲ್ಲಿ ಕಾದಿದೆ. ಆದರೆ ಅಲ್ಲಿ ಹಳೆಯ ಕೈಬರಹ ಕಲಿಯಬೇಕು, ದೂಳು ಕುಡಿಯಬೇಕು. ಬೆಟ್ಟದಲ್ಲಿ ಗಾಳಿಯಾದರೂ ಚೆನ್ನಾಗಿದೆ.

ಸ್ಪ್ಯಾನಿಷರು ಕಲ್ಲಿನ ಮೇಲೆ ಏನನ್ನೂ ಬರೆಯಲಿಲ್ಲವೆ? ಬರೆದರು. ನ್ಯೂ ಮೆಕ್ಸಿಕೋದಲ್ಲಿ ಎಲ್ ಮೋರೋ ಎಂಬ ಮರಳುಗಲ್ಲಿನ ದೊಡ್ಡ ಬಂಡೆಯಿದೆ. ಅದರ ಬುಡದಲ್ಲಿ ಬತ್ತದ ನೀರಿನ ಮಡು. ದಾರಿಹೋಕರೆಲ್ಲ ತಂಗುತ್ತಿದ್ದ ಜಾಗ. ಹ್ವಾನ್ ದೆ ಓನ್ಯಾತೆ ಎಂಬ ರಾಜ್ಯಪಾಲ ದಕ್ಷಿಣ ಸಮುದ್ರವನ್ನು ಕಂಡು ಮರಳುವಾಗ, 1605ರ ಏಪ್ರಿಲ್ 16ರಂದು, ತಾನು ಈ ದಾರಿಯಾಗಿ ಹಾದುಹೋದೆನೆಂದು ಅಲ್ಲಿ ಕೊರೆಯಿಸಿದ. ಹೆಸರು, ಪದವಿ, ಬಂದ ಕಾರಣ, ತಾರೀಖು ಎಲ್ಲವೂ ಇವೆ. 1692ರಲ್ಲಿ ದಿಯೇಗೋ ದೆ ವಾರ್ಗಸ್, ಆ ನಾಡನ್ನು ಮತ್ತೆ ಗೆದ್ದವನು, ತನ್ನ ಹೆಸರು ಕೆತ್ತಿಸಿದ. ಕಲ್ಲು ಕೈಗೆ ಸಿಕ್ಕಾಗ ಸ್ಪ್ಯಾನಿಷನಿಗೆ ಮಾಡಬೇಕೆನಿಸಿದ್ದು ತನ್ನನ್ನು ಮರೆಸಿಕೊಳ್ಳುವುದಲ್ಲ, ಮೆರೆಸಿಕೊಳ್ಳುವುದು. ನಮ್ಮ ದಂಡನಾಯಕರ ಬಿರುದಾವಳಿ ಓದಿದವರಿಗೆ ಈ ಮನೋಧರ್ಮ ಅಪರಿಚಿತವಲ್ಲ.

ಇನ್ನು ಸೂಪರ್‌ಸ್ಟಿಷನ್ ಬೆಟ್ಟದ ಕಥೆಗೆ ಬರೋಣ. ಅದರ ನಾಯಕ ಸ್ಪ್ಯಾನಿಷನೇ ಅಲ್ಲ, ಜರ್ಮನ್. ಯಾಕೋಬ್ ವಾಲ್ಟ್ಸ್ ಎಂಬಾತ ಫೀನಿಕ್ಸ್‌ನ ಹೊಳೆಯ ಬದಿಯಲ್ಲಿ ಬೇಸಾಯ ಮಾಡಿಕೊಂಡಿದ್ದ. 1891ರ ಫೆಬ್ರವರಿಯ ನೆರೆಯಲ್ಲಿ ಅವನ ಹೊಲಮನೆ ಹಾಳಾದವು. ಅದೇ ಅಕ್ಟೋಬರ್ 25ರಂದು ಜೂಲಿಯಾ ಥಾಮಸ್ ಎಂಬಾಕೆಯ ಮನೆಯಲ್ಲಿ ಸತ್ತ. ಸಾಯುವ ಮುನ್ನ ಬೆಟ್ಟದೊಳಗಿನ ಚಿನ್ನದ ಗಣಿಯೊಂದರ ಗುಟ್ಟು ಹೇಳಿದ ಎಂಬುದು ಐತಿಹ್ಯ. 1892ರಲ್ಲಿ ಆಕೆ ಹುಡುಕಲು ಹೋಗಿ ಬರಿಗೈಯಲ್ಲಿ ಬಂದಳು. ಆ ಗಣಿಯನ್ನು ಮೊದಲು ತೆರೆದವರು ಸೊನೋರಾದ ಪೆರಾಲ್ಟಾ ಮನೆತನದವರು, ಅವರನ್ನು 1840ರ ದಶಕದ ಕೊನೆಯಲ್ಲಿ ಅಪಾಚೆಗಳು ಕೊಂದರು, ದಾರಿಯ ಗುರುತುಗಳು ಅವರವೇ ಎಂಬ ಮುನ್ನುಡಿಯನ್ನು ಕಥೆಗೆ ಆಮೇಲೆ ಸೇರಿಸಿದರು. ಇಲ್ಲೊಂದು ಸಣ್ಣ ತೊಡಕಿದೆ. ಮೆಕ್ಸಿಕೋ ಸ್ಪೇನಿನಿಂದ ಬಿಡುಗಡೆಯಾದದ್ದು 1821ರಲ್ಲಿ. ಹಾಗಾದರೆ 1847ರ ಗುರುತು ಸ್ಪ್ಯಾನಿಷರದು ಹೇಗಾದೀತು? ಸ್ಪೇನಿನ ಕಾಲದಲ್ಲಿ ಅವರ ಕೊನೆಯ ಠಾಣೆಗಳು ದಕ್ಷಿಣದ ತುಬಾಕ್, ತೂಸಾನ್‌ಗಳಲ್ಲಿದ್ದವು. ಈ ಬೆಟ್ಟ ಅಪಾಚೆಗಳ ಸೀಮೆಯಾಗಿತ್ತು.

ಪೆರಾಲ್ಟಾ ಎಂಬ ಹೆಸರು ಅಷ್ಟು ಸುಲಭವಾಗಿ ಜನರ ನಾಲಗೆಗೆ ಬರಲು ಇನ್ನೊಂದು ಕಾರಣವೂ ಇದ್ದಿರಬೇಕು. ಜೇಮ್ಸ್ ರೀವಿಸ್ ಎಂಬ ಮಹಾನುಭಾವ 1883ರಲ್ಲಿ, ಸ್ಪೇನಿನ ದೊರೆ ಪೆರಾಲ್ಟಾ ಎಂಬ ಸರದಾರನಿಗೆ ಕೊಟ್ಟ ಜಹಗೀರು ತನ್ನದೆಂದು ಹಕ್ಕು ಸಾಧಿಸಿದ. ಫೀನಿಕ್ಸ್ ಸೇರಿದಂತೆ ಒಂದು ಕೋಟಿ ಎಕರೆಗೂ ಹೆಚ್ಚು ನೆಲ! ಆ ಸರದಾರನನ್ನೂ ಅವನ ವಂಶವನ್ನೂ ಸೃಷ್ಟಿಸಿದವನು ರೀವಿಸನೇ. ಹುಸಿಪತ್ರಗಳನ್ನು ಹಳೆಯ ದಫ್ತರಗಳೊಳಗೆ ಸೇರಿಸಿದ್ದ. ಜಹಗೀರಿನ ಗಡಿ ಎಲ್ಲಿಂದ ಆರಂಭವೆಂದು ಕೇಳಿದರೆ, ಹಳೆಯ ಕೆತ್ತನೆಗಳಿದ್ದ ಒಂದು ಬಂಡೆಯನ್ನು ತೋರಿಸಿ, ಇದೇ ನನ್ನ ಸರದಾರ ಮಾಡಿಸಿದ ಮೊದಲ ಗುರುತು ಎಂದ. ರೈಲ್ವೆ ಕಂಪನಿಯವರೂ ಗಣಿಯವರೂ ಹೆದರಿ ಹಣ ತೆತ್ತರು. ಬಂಡೆ ಯಾರಿಗೂ ಬಾಯಿ ಬಿಡಲಿಲ್ಲ. ಗುಟ್ಟು ಬಿಟ್ಟುಕೊಟ್ಟದ್ದು ಕಾಗದ. ಪತ್ರಗಳ ಶಾಯಿ, ಲೇಖನಿ, ಅಕ್ಷರದ ವರಸೆ ಆ ಕಾಲದವಲ್ಲ ಎಂದು ಬಯಲಾಗಿ 1895ರಲ್ಲಿ ನ್ಯಾಯಾಲಯ ಅವನ ಹಕ್ಕನ್ನು ತಳ್ಳಿಹಾಕಿತು. ಮುಂದೆ ಸೆರೆಮನೆಯನ್ನೂ ಕಂಡ.

ನಿಧಿಯ ಕಥೆಗಳಿಗೆ ಸಾಹಿತ್ಯದಲ್ಲಿ ಗೌರವದ ಸ್ಥಾನ ದೊರಕಿಸಿದವರು ಟೆಕ್ಸಸ್ಸಿನ ಪ್ರಾಧ್ಯಾಪಕ ಫ್ರಾಂಕ್ ಡೋಬಿ. 1930ರ ಅವರ 'ಕೊರೊನಾದೋಸ್ ಚಿಲ್ಡ್ರನ್' ಜಾನಪದ ಸಂಗ್ರಹವಾಗಿ ಸೊಗಸಾದ ಪುಸ್ತಕ; ಹುಡುಕುವವರೆಲ್ಲ ಕೊರೊನಾದೋನ ಮಕ್ಕಳು ಎಂಬ ಹೆಸರಿನಲ್ಲೇ ಪ್ರೀತಿಯೂ ಇದೆ, ನಗೆಯೂ ಇದೆ. ಡೋಬಿಯವರು ಕಥೆಯನ್ನು ಕಥೆಯಾಗಿ ಕಂಡರು. 1945ರಲ್ಲಿ ಬ್ಯಾರಿ ಸ್ಟಾರ್ಮ್ ಎಂಬವರು ಇದೇ ಬೆಟ್ಟದ ಚಿನ್ನವನ್ನು ಕುರಿತು ಬರೆದ ಪುಸ್ತಕದಲ್ಲಿ ಕಥೆ ಕೈಪಿಡಿಯಾಯಿತು. ಅದನ್ನು ಆಧರಿಸಿ 1949ರಲ್ಲಿ ಚಲನಚಿತ್ರವೂ ಬಂತು. ಹೆಚ್ಚುಕಡಿಮೆ ಅದೇ ಸಮಯಕ್ಕೆ ಬೆಟ್ಟದ ದಕ್ಷಿಣಕ್ಕೆ 'ಪೆರಾಲ್ಟಾ ಕಲ್ಲುಗಳು' ಸಿಕ್ಕವೆಂದು ಹೇಳುತ್ತಾರೆ: ಕುದುರೆ, ಪಾದ್ರಿ, ಹೃದಯ, ದಾರಿಯ ಗೆರೆ ಕೊರೆದ ಚಪ್ಪಡಿಗಳು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನಾನು ಅವುಗಳ ಮುಂದೆ ನಿಂತೆ. ಕುದುರೆ ಎಂಬ ಸ್ಪ್ಯಾನಿಷ್ ಪದದ ಕಾಗುಣಿತವೇ ತಪ್ಪಾಗಿದೆ. ಇಸವಿ 1847. ಗುಟ್ಟಿನ ಗಣಿಗೆ ಯಾರಾದರೂ ಇಸವಿ ಹಾಕಿದ ನಕ್ಷೆಯನ್ನು ಕಲ್ಲಿನಲ್ಲಿ ಕೊರೆದು ಬಿಟ್ಟುಹೋಗುತ್ತಾರೆಯೆ ಎಂದು ಕೇಳಬೇಕೆನಿಸಿತು. ಸುತ್ತಲಿದ್ದವರ ಮುಖ ನೋಡಿ ಸುಮ್ಮನಾದೆ.

ಏಕೆಂದರೆ ಇದು ನಕ್ಕು ಮುಗಿಸುವ ವಿಷಯವಲ್ಲ. 1931ರ ಜೂನ್‌ನಲ್ಲಿ ಅಡಾಲ್ಫ್ ರೂತ್ ಎಂಬ ನಿವೃತ್ತ ಸರಕಾರಿ ನೌಕರರು ಮಗ ತಂದುಕೊಟ್ಟಿದ್ದ ಒಂದು ನಕ್ಷೆಯೊಡನೆ ವಾಷಿಂಗ್ಟನ್ನಿನಿಂದ ಬಂದು, ಉರಿಬಿಸಿಲಿನಲ್ಲಿ ಒಬ್ಬರೇ ಈ ಬೆಟ್ಟ ಹೊಕ್ಕರು. ಹಿಂದೆ ಇಂಥದೇ ಹುಡುಕಾಟದಲ್ಲಿ ಕಾಲು ಮುರಿದುಕೊಂಡು ಕುಂಟುತ್ತಿದ್ದ ಮನುಷ್ಯ. ಡಿಸೆಂಬರಿನಲ್ಲಿ ತಲೆಬುರುಡೆ ಸಿಕ್ಕಿತು, ಉಳಿದ ಮೂಳೆಗಳು ಮರುತಿಂಗಳು, ಬೇರೆ ಜಾಗದಲ್ಲಿ. ಜೊತೆಗೆ ಸಿಕ್ಕ ಟಿಪ್ಪಣಿಯಲ್ಲಿ ದಾರಿಯ ವಿವರವೂ, ಕಡೆಯಲ್ಲಿ ಜೂಲಿಯಸ್ ಸೀಸರನ ವಿಜಯದ ಮೂರು ಲ್ಯಾಟಿನ್ ಮಾತುಗಳೂ ಇದ್ದವಂತೆ. 1984ರಿಂದ ಆ ಕಾಡಿನಲ್ಲಿ ಹೊಸದಾಗಿ ಗಣಿಯ ಹಕ್ಕು ಹೂಡುವುದನ್ನು ಕಾನೂನು ನಿಷೇಧಿಸಿದೆ, ಹುಡುಕುವವರು ನಿಂತಿಲ್ಲ. 2010ರ ಜುಲೈಯಲ್ಲಿ ಯೂಟಾ ರಾಜ್ಯದಿಂದ ಬಂದ ಮೂವರು ಗೆಳೆಯರು ಇದೇ ಗಣಿಯನ್ನು ಹುಡುಕುತ್ತ ಹೋಗಿ ಮರಳಲಿಲ್ಲ. 2011ರ ಜನವರಿಯಲ್ಲಿ ಅವರ ಅವಶೇಷಗಳು ದೊರೆತವು. ಮರುಭೂಮಿಯ ಬೇಸಗೆಗೆ ಸ್ಪ್ಯಾನಿಷರ ಬೋನುಗಳ ನೆರವು ಬೇಕಿಲ್ಲ.

ಈ ಬೆಟ್ಟದಲ್ಲೇ ಇಷ್ಟೊಂದು ಆಮೆ, ಗೂಬೆ, ಪಾದ್ರಿಗಳು ಏಕೆ? ಭೂವಿಜ್ಞಾನಿಗಳು ಹೇಳುವ ಕಾರಣ ಸರಳವಾಗಿದೆ. ಎರಡು ಕೋಟಿ ವರ್ಷಗಳ ಆಸುಪಾಸಿನಲ್ಲಿ ಜ್ವಾಲಾಮುಖಿಗಳು ಕಾರಿದ ಬಿಸಿ ಬೂದಿ ಬೆಸೆದು ಆದ ಕಲ್ಲು ಅದು. ಒಂದು ಪದರ ಗಟ್ಟಿ, ಇನ್ನೊಂದು ಮೆದು. ಬಿರುಕಿನಲ್ಲಿ ನೀರಿಳಿದು ಮೂಲೆಗಳು ಸವೆದು ಗುಂಡಾಗುತ್ತವೆ. ಮೆದು ಪದರ ಕರಗಿ ಕುತ್ತಿಗೆಯಾಗುತ್ತದೆ, ಗುಳಿ ಬಿದ್ದು ಕಣ್ಣಾಗುತ್ತದೆ. ಮಿಕ್ಕದ್ದನ್ನು ನೋಡುವವನೇ ತುಂಬಿಕೊಳ್ಳುತ್ತಾನೆ. ಹಂಪಿಗೆ ಹೋಗುವಾಗ ಒಂದಕ್ಕೊಂದು ಒರಗಿದ ಎರಡು ಬಂಡೆಗಳನ್ನು ಅಕ್ಕತಂಗಿಯರೆಂದು ಕರೆದವರು ನಾವೇ. ಆದರೆ ಅಕ್ಕನ ಮೂಗಿನ ನೇರಕ್ಕೆ ಹಗ್ಗ ಹಿಡಿದು ಅಳೆದವರನ್ನು ನಾನು ಕಾಣೆ.

ಹಾಗೆಂದು ನಾವೇನು ಮೇಲಲ್ಲ. ಎಂ.ಎ. ವಿದ್ಯಾರ್ಥಿಯಾಗಿದ್ದಾಗ ನಮ್ಮ ಗುರುಗಳು ಒಂದು ಹಳ್ಳಿಯ ಹೊರಗಿನ ಕಲ್ಲಿನ ಪಡಿಯಚ್ಚು ತೆಗೆಯಲು ನಮ್ಮನ್ನು ಕರೆದೊಯ್ದಿದ್ದರು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಒತ್ತಿದರೆ ಅಕ್ಷರಗಳು ಬಿಳಿಯಾಗಿ ಉಳಿಯುತ್ತವೆ. ಸವೆದ ಸಾಲೊಂದರಲ್ಲಿ ನಾನು ಒಬ್ಬ ಅರಸನ ಹೆಸರನ್ನು ಓದಿದೆ; ಅಲ್ಲಿಯವರೆಗೆ ಯಾರೂ ಕಾಣದ ಹೆಸರು. ರಾತ್ರಿ ನಿದ್ದೆ ಬರಲಿಲ್ಲ, ಲೇಖನದ ಶೀರ್ಷಿಕೆ ಕೂಡ ಸಿದ್ಧವಾಗಿತ್ತು. ಬೆಳಗ್ಗೆ ಗುರುಗಳು ಕಲ್ಲಿನ ಮೇಲೆ ಬೆರಳಾಡಿಸಿ, "ಉಳಿ ಇಳಿದ ಕಡೆ ಏಣು ಇರುತ್ತದಪ್ಪ. ಇದಕ್ಕೆ ಏಣಿಲ್ಲ. ಬಿರುಕು" ಎಂದರು. ಕಾಗದಕ್ಕೆ ಉಳಿಯ ಗೆರೆಯೂ ಬಿಳಿ, ಬಿರುಕೂ ಬಿಳಿ. ಆ ಅರಸನನ್ನು ಕಳೆದುಕೊಂಡ ದುಃಖ ನನಗೆ ಬಹಳ ದಿನ ಇತ್ತು.

ನಮ್ಮ ದಾನಶಾಸನಗಳಲ್ಲಿ ಭೂಮಿಯೊಡನೆ ಬರುವ ಅಷ್ಟಭೋಗಗಳನ್ನು ಹೇಳುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂಬ ಪಟ್ಟಿ ಬರುತ್ತದೆ, ಶಿರೋಭಾಗದಲ್ಲಿ ಸೂರ್ಯಚಂದ್ರರಿರುತ್ತಾರೆ. ಸೂರ್ಯಚಂದ್ರರಿರುವವರೆಗೆ ದಾನ ನಡೆಯಲಿ ಎಂದು ಅದರ ಅರ್ಥ. ಆ ಸೂರ್ಯಚಂದ್ರರನ್ನೇ ನಿಧಿಯ ಗುರುತೆಂದು ತಿಳಿದು ಬುಡ ಅಗೆದು ಉರುಳಿಸಿದ ಕಲ್ಲುಗಳನ್ನು, ಒಡೆದು ಎರಡಾದ ವೀರಗಲ್ಲುಗಳನ್ನು ಕಂಡಿದ್ದೇನೆ. ಅಕ್ಷರವಿದ್ದ ಕಲ್ಲನ್ನು ಓದಲಾರದವರು ಅಕ್ಷರವಿಲ್ಲದ ಅರ್ಥವನ್ನು ಅದರಿಂದ ತೆಗೆಯುತ್ತಾರೆ.

ಅರಿಜೋನಾದಲ್ಲೂ ಹಾಗೆಯೇ. ಸೂಪರ್‌ಸ್ಟಿಷನ್ ಬೆಟ್ಟದ ಒಂದು ಕಣಿವೆಯಲ್ಲಿ ನೀರಿನ ಮಡುಗಳ ಮೇಲಿನ ಬಂಡೆಗಳಲ್ಲಿ ಸುರುಳಿಗಳು, ಬಾಗಿದ ಕೊಂಬಿನ ಕಾಡುಕುರಿಗಳು ಕುಟ್ಟಿ ಮಾಡಿದ ಗೆರೆಗಳಲ್ಲಿ ಮೂಡಿವೆ. ಹೋಹೊಕಮ್ ಎಂದು ಇಂದು ಕರೆಯುವ ಜನ, ಸ್ಪ್ಯಾನಿಷರು ಬರುವುದಕ್ಕೆ ನೂರಾರು ವರ್ಷ ಮೊದಲು ಆ ಕಣಿವೆಗಳಲ್ಲಿ ಕಾಲುವೆ ತೋಡಿ ಬೆಳೆ ತೆಗೆದವರು, ಮಾಡಿದ ಕೆತ್ತನೆ ಅದು. ಆ ಸುರುಳಿಯನ್ನೂ ನಿಧಿಯವರು ಸ್ಪ್ಯಾನಿಷ್ ಸಂಕೇತವೆಂದು ಓದುತ್ತಾರೆ. ಯಾರೂ ಇಡದ ಆಮೆಯನ್ನು ಸ್ಪ್ಯಾನಿಷರಿಗೆ ಕೊಟ್ಟರೆ ನಷ್ಟ ಯಾರಿಗೂ ಇಲ್ಲ. ಆದರೆ ಈ ಕುರಿಗಳನ್ನು ಕೆತ್ತಿದವರು ಇದ್ದರು, ಅವರನ್ನು ತಮ್ಮ ಹಿರಿಯರೆಂದು ಹೇಳುವ ಓಓಢಮ್ ಜನ ಇಂದಿಗೂ ಅದೇ ನದಿಗಳ ದಂಡೆಯಲ್ಲಿದ್ದಾರೆ.

ಊರಿಗೆ ಹೊರಡುವ ಹಿಂದಿನ ದಿನ ಸಂಜೆ ಮತ್ತೆ ಬೆಟ್ಟದ ಬುಡಕ್ಕೆ ಹೋದೆ. ಆ ಹಿರಿಯರು ಅಲ್ಲಿಯೇ ಇದ್ದರು. ಮಂಡಿಗೆ ಶಸ್ತ್ರಚಿಕಿತ್ಸೆ ಆದ ಮೇಲೆ ಮೇಲೇರಲಾಗುವುದಿಲ್ಲ, ಕೆಳಗಿನಿಂದಲೇ ನೋಡುತ್ತೇನೆ ಎಂದರು. ಹೆಂಡತಿ ಬದುಕಿದ್ದಾಗ ಇಬ್ಬರೂ ಸೇರಿಯೇ ಬರುತ್ತಿದ್ದರಂತೆ. ನೋಟುಪುಸ್ತಕದ ಮೊದಲ ಅರ್ಧದ ಅಕ್ಷರ ಆಕೆಯದು. ಪುಟಗಳನ್ನು ತಿರುವಿ ತೋರಿಸಿದರು. ದುಂಡನೆಯ ಬರಹ, ಪ್ರತಿ ಕಲ್ಲಿಗೂ ತಾರೀಖು, ಹೊತ್ತು, ಬಿಸಿಲಿನ ದಿಕ್ಕು. ಯಾವ ಶಾಸನತಜ್ಞನೂ ಮೆಚ್ಚುವಂಥ ಶಿಸ್ತು.

"ನೀವು ಹಳೆಯ ಕಲ್ಲುಗಳನ್ನು ಓದಿದವರು ಎಂದಿರಲ್ಲ," ಎಂದು ದುರ್ಬೀನು ಕೊಟ್ಟು ಕೇಳಿದರು, "ನಿಜ ಹೇಳಿ, ಏನು ಕಾಣಿಸುತ್ತದೆ?"

ನಾನು ನೋಡಿದೆ. ಏಣಿನ ಮಾತು, 1821ರ ಮಾತು, ಸೆವಿಲ್ಲಿನ ಮಾತು ಎಲ್ಲವೂ ನಾಲಗೆಯ ತುದಿಯಲ್ಲಿದ್ದವು.

"ಆಮೆ ಕಾಣಿಸುತ್ತದೆ" ಎಂದೆ. ಸುಳ್ಳಾಡಲಿಲ್ಲ. ನನಗೂ ಕಾಣಿಸುತ್ತಿತ್ತು.

"ಮೂತಿ ಯಾವ ದಿಕ್ಕಿಗೆ?" ಎಂದು ಕೇಳಿ, ಅವರು ಪೆನ್ನು ತೆರೆದರು.